ದಿನಾ ಇದೇ ಟೀಂಯ್ ಟೀಂಯ್

ಮಂಗಳವಾರ ಸಾಯಂಕಾಲ ಏಳೂವರೆ ಇರ್ಬೇಕು. ಸೂಪರ್‌ಮಾರ್ಕೆಟ್ ಬಿಲ್ ಕೌಂಟರಲ್ಲಿ ನಾನು, ಕ್ಯೂನಲ್ಲಿ ಏಳೆಂಟು ಜನ, ಪಕ್ಕದ ಕೌಂಟರ್ ಹುಡುಗಿ ರಜ. ನಮ್ಮ ಮೈಸೂರಿನ ಹೆಬ್ಬಾಳದ ಕಡೆ ಯಾವ್ದೋ ಕಂಪನಿ ಟ್ಯಾಗ್ ಕತ್ತಿಗೆ ಹಾಕ್ಕೊಂಡಿದ್ದ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ, ನಾನು ಸ್ಕ್ಯಾನ್ ಮಾಡೋದನ್ನೇ ನೋಡ್ತಾ ನಿಂತಿದ್ದವನು ಇದ್ದಕ್ಕಿದ್ದಂಗೆ ಕೇಳ್ದ. "ಬೇಜಾರಾಗಲ್ವಾ ಮೇಡಂ, ದಿನಾ ಇದೇ ಟೀಂಯ್ ಟೀಂಯ್?"

"ಇಲ್ಲಪ್ಪ, ನಂಗೆ ಖುಷಿನೇ" ಅಂದೆ.

ಒಂಥರಾ ನಕ್ಕ. "ಹಂಗೇ ಅಂದ್ಕೋಬೇಕು ಬಿಡಿ" ಅಂದು ಕವರ್ ಎತ್ಕೊಂಡು ಹೋದ.

ಬೈದಿದ್ರೆ ಮರ್ತೇಬಿಡ್ತಿದ್ದೆ. ಬೈಯೋರು ದಿನಕ್ಕೆ ನಾಕು ಜನ ಸಿಗ್ತಾರೆ, ಅದು ಸಂಬಳದಲ್ಲೇ ಸೇರಿದೆ ಅಂದ್ಕೊಂಡಿದೀನಿ. ಆದ್ರೆ ಇದು ಬೈಗುಳ ಅಲ್ವಲ್ಲ. ಫ್ರೀ ಬಸ್ಸಲ್ಲಿ ಕಿಟಕಿ ಪಕ್ಕ ಸೀಟ್ ಸಿಕ್ಕಿದ್ರೂ ಕುವೆಂಪುನಗರ ಬರೋವರೆಗೂ "ಹಂಗೇ ಅಂದ್ಕೋಬೇಕು ಬಿಡಿ" ಅನ್ನೋದೇ ತಲೇಲಿ. ರಾತ್ರಿ ಸಾರಿಗೆ ಒಗ್ಗರಣೆ ಹಾಕುವಾಗ್ಲೂ ಅದೇ. ಮಗಳಿಗೆ ಹೇಳಿದ್ರೆ "ಪಾಪ ಅವ್ನು ನಿಂಗೆ ಸಮಾಧಾನ ಹೇಳಿದಾನೆ ಕಣಮ್ಮ" ಅಂದ್ಲು. ಅದೇ ನೋಡಿ ನನ್ನ ಸಿಟ್ಟು. ನಾನು ಸಮಾಧಾನ ಕೇಳಿದ್ನಾ?

ಸುಳ್ಳು ಹೇಳಲ್ಲ, ಕಷ್ಟ ಇದೆ. ಕಾಲು ನೋಯುತ್ತೆ, ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತೆ. ಕೇರಳದಲ್ಲಿ 2018ರಲ್ಲೇ, ತಮಿಳುನಾಡಲ್ಲಿ 2021ರಲ್ಲಿ, ಅಂಗಡೀಲಿ ಕೆಲಸ ಮಾಡೋರಿಗೆ ಕೂರಕ್ಕೆ ಸೀಟ್ ಕೊಡಲೇಬೇಕು ಅಂತ ಕಾನೂನು ಮಾಡಿದ್ರು. ನಮ್ಮ ಕೌಂಟರ್ ಹಿಂದೇನೂ ಒಂದು ಪ್ಲಾಸ್ಟಿಕ್ ಸ್ಟೂಲ್ ಇದೆ, ಅದ್ರ ಮೇಲೆ ಬಿಲ್ ರೋಲ್‌ಗಳ ಡಬ್ಬ ಕೂತಿರುತ್ತೆ. ಸಂಬಳದ ವಿಷಯ ಬೇಡ.

ಆದ್ರೂ ಖುಷಿ ಇದೆ ಕಣ್ರೀ, ಏನ್ಮಾಡ್ಲಿ. ಚಿಪ್ಸ್ ಪ್ಯಾಕೆಟ್ ಬಾರ್‌ಕೋಡ್ ಯಾವಾಗ್ಲೂ ಸುಕ್ಕಾಗಿರುತ್ತೆ, ಹೆಬ್ಬೆರಳಲ್ಲಿ ಒತ್ತಿ ಎಳೆದು ಹಿಡಿದ್ರೆ ಟೀಂಯ್ ಅನ್ನುತ್ತೆ. ಫ್ರಿಜ್ಜಿಂದ ತೆಗೆದ ಬಟಾಣಿ ಪ್ಯಾಕೆಟ್ ಮೇಲೆ ಮಂಜು ಕಟ್ಟಿರುತ್ತೆ, ದುಪಟ್ಟಾದಲ್ಲಿ ಒಂದ್ಸಲ ಒರೆಸ್ಬೇಕು. ಅಷ್ಟಾದ್ರೂ ಓದದೇ ಹೋದ್ರೆ ಹದಿಮೂರು ನಂಬರ್ ಕೈಯಲ್ಲೇ ಹೊಡೀಬೇಕು. ನಮ್ಮ ದೇಶದ ಕಂಪನಿಗಳದ್ದು 890ರಿಂದ ಶುರುವಾಗೋದರಿಂದ ಮೊದಲ ಮೂರು ನಂಬರ್ ಬೆರಳೇ ಹೊಡ್ಕೊಂಡು ಹೋಗುತ್ತೆ, ಕಣ್ಣು ನಾಲ್ಕನೇದ್ರ ಮೇಲಿರುತ್ತೆ. ತೂಕದ ಸಾಮಾನಿನ ಕೋಡ್‌ಗಳು ಎಲ್ಲಾ ಬಾಯಿಪಾಠ. ಹೊಸಬರು ನಂಜನಗೂಡು ರಸಬಾಳೆಗೆ ಏಲಕ್ಕಿ ಬಾಳೆ ಕೋಡ್ ಹೊಡೆದು ಗಾಬರಿ ಆಗ್ತಾರೆ, ನಾನು ಇಲ್ಲಿಂದಾನೇ ನೋಡಿ ಕೂಗ್ತೀನಿ.

ನಮ್ಮಪ್ಪ ಕಂಡಕ್ಟರ್ ಆಗಿದ್ರು, ಎಚ್.ಡಿ. ಕೋಟೆ ರೂಟ್. ರಾತ್ರಿ ಮನೆಗೆ ಬಂದು ಚಾಪೆ ಮೇಲೆ ಚಿಲ್ರೆ ಸುರಿದು ನಾಣ್ಯ ಪೇರಿಸೋರು, ನಾವು ಮಕ್ಕಳು ಸುತ್ತ ಕೂತ್ಕೊಳ್ತಿದ್ವಿ. ದಿನಾ ಅದೇ ರೋಡು ಅದೇ ಸ್ಟಾಪು. ಬೇಜಾರಾಗಲ್ವಾ ಅಂತ ಅವರನ್ನ ಯಾರೂ ಕೇಳಿದ್ದಿಲ್ಲ, ನಾನೂ ಕೇಳ್ಲಿಲ್ಲ. ಇವತ್ತು ನಂಗೂ ರಾತ್ರಿ ಕ್ಯಾಶ್ ಕ್ಲೋಸ್ ಮಾಡಿದಾಗ ಪೈಸೆಗೆ ಪೈಸೆ ತಾಳೆ ಬಂದ್ರೆ ಎಷ್ಟು ನಿರಾಳ ಅಂದ್ರೆ, ನಮ್ಮೆಜಮಾನ್ರಿಗೆ ಹೇಳಿದ್ರೂ ಅರ್ಥ ಆಗಲ್ಲ.

ಅದಕ್ಕಿಂತ ಜಾಸ್ತಿ ಮಜಾ ಅಂದ್ರೆ ಜನ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳೀತಲ್ಲ, ಸೋಪು ಶಾಂಪೂ ಪೇಸ್ಟ್ ಎಲ್ಲಾ 18ರಿಂದ 5 ಪರ್ಸೆಂಟ್‌ಗೆ ಬಂತು, ಆ ವಾರ ಪೂರ್ತಿ ನಾನೇ ನಿರ್ಮಲಾ ಸೀತಾರಾಮನ್ ಅನ್ನೋ ಥರ ಒಬ್ಬೊಬ್ರೂ ನನ್ನ ಕೇಳೋರೇ. "ಪ್ಯಾಕೆಟ್ ಮೇಲೆ ಹಳೇ ರೇಟೇ ಇದ್ಯಲ್ಲಮ್ಮ?" ಅಂತ. ಬಿಲ್ ತೋರಿಸಿ ತೋರಿಸಿ ಗಂಟಲು ಬತ್ತೋಯ್ತು.

ಆಮೇಲೆ ಸಾಮಾನು ನೋಡಿ ಮನೆ ಊಹಿಸೋದು, ಇದು ನನ್ನ ಗುಟ್ಟಿನ ಆಟ. ಬ್ರೆಡ್ಡು, ಓಆರ್‌ಎಸ್, ದಾಳಿಂಬೆ, ಎಲ್ಲಾ ಒಂದೊಂದೇ ಅಂದ್ರೆ ಮಗುಗೆ ಹೊಟ್ಟೆ ಕೆಟ್ಟಿದೆ. ಉಪ್ಪು, ಅರಿಶಿನ, ಹೊಸ ಪೊರಕೆ ಒಟ್ಟಿಗೆ ಬಂದ್ರೆ ಬಾಡಿಗೆ ಮನೆ ಬದಲಾಯಿಸ್ತಿದಾರೆ. ಆ ಟ್ಯಾಗ್ ಹುಡುಗ ತಗೊಂಡಿದ್ದು ಕಪ್ ನೂಡಲ್ಸ್ ಎರಡು, ಬಾಳೆಹಣ್ಣು ಒಂದೇ ಒಂದು, ಮತ್ತೆ ತಲೆನೋವಿನ ಬಾಮ್. ಪೋಣಿಸಿ ನೋಡಿದ್ರೆ ಬೇಜಾರು ಯಾರಿಗೆ ಅಂತ ನಂಗನ್ಸುತ್ತೆ, ಹೇಳಬಾರದಿತ್ತು, ಹೇಳಿಬಿಟ್ಟೆ. ಅವನು ಕೆಟ್ಟವನೇನಲ್ಲ. ಕವರ್‌ಗೆ ದುಡ್ಡು ಅಂದಾಗ ಮುಖ ಗಂಟು ಹಾಕ್ಕೊಳ್ಳಲಿಲ್ಲ, ಅದೇ ದೊಡ್ಡ ವಿಷಯ.

ನಂಗೆ ಅರ್ಥ ಆಗದೇ ಇರೋದು ಇಷ್ಟೇ. ಡಾಕ್ಟ್ರು, ಮೇಷ್ಟ್ರು ನಂಗೆ ಕೆಲಸ ಇಷ್ಟ ಅಂದ್ರೆ ಆಹಾ ಅಂತಾರೆ. ನಾನಂದ್ರೆ ಪಾಪ ಅಂತಾರೆ. ಹಂಗಂತ ನನ್ನ ಮಗಳು ಇದೇ ಕೆಲಸಕ್ಕೆ ಬರ್ತೀನಿ ಅಂದ್ರೆ ನಾನು ಒಪ್ತೀನಾ? ಒಪ್ಪಲ್ಲ. ಅಲ್ಲಿಗೆ ಆ ಹುಡುಗನದ್ದು ಅರ್ಧ ಸರಿನಾ? ಬುಧವಾರ ಪೂರ್ತಿ ಹಿಂಗೇ ಕಳೀತು.

ಗುರುವಾರ ಒಬ್ರು ವಯಸ್ಸಾದ ಅಮ್ಮ ಬಂದ್ರು, ಸೆರಗಿನ ತುದೀಲಿ ದುಡ್ಡು ಗಂಟು. ಎರಡು ಕೇಜಿ ಬೆಲ್ಲ, ಮೆಂತ್ಯ, ಓಮ, ಒಣಶುಂಠಿ. ನನ್ನ ತಲೇಲಿ ತಟ್ಟಂತ ಬಾಣಂತಿ ಅಂತ ಬಂತು. ತಡ್ಕೊಳ್ಳಕ್ಕಾಗದೆ ಕೇಳೇಬಿಟ್ಟೆ. "ಮಗಳಿಗೆ ಹೆರಿಗೆ ಆಯ್ತಾ ಅಮ್ಮ? ಏನು ಮಗು?"

"ಇಲ್ಲ ಕಣವ್ವ, ಹಸ ಈದದೆ. ಹೆಣ್ಗರ."

ಹಿಂದಿದ್ದೋರು ಬಿದ್ದೂ ಬಿದ್ದೂ ನಕ್ರು, ಸೆಕ್ಯೂರಿಟಿ ಅಣ್ಣನೂ ನಕ್ಕ. ಆ ಅಮ್ಮ ಮಾತ್ರ ನಗದೇ ಗಂಟು ಬಿಚ್ಚಿ ದುಡ್ಡು ಎಣಿಸಿ ಕೊಟ್ಟು, "ಶನಿವಾರ ಗಿಣ್ಣಾಲು ತಂದ್ಕೊಡ್ತೀನಿ ತಗೋ" ಅಂತ ಹೇಳಿ ಹೋದ್ರು.

ಇವತ್ತು ಶನಿವಾರ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ತಂದು ಸ್ಟೂಲ್ ಕೆಳಗೆ ಇಟ್ಕೊಂಡಿದೀನಿ.