ರಿಪೋರ್ಟ್ ನಾರ್ಮಲ್ ಇದ್ದರೂ ಹುಡುಗನಿಗೆ ಏದುಸಿರು ಬರುತ್ತದೆ

ಬೆಂಗಳೂರಲ್ಲಿ ಹುಡುಗರಿಗೆ ಏದುಸಿರು ಬಂದರೆ ಎಲ್ಲರೂ ಹೇಳುವುದು ಒಂದೇ. ಧೂಳು, ವೀಜಿಂಗ್, ಇನ್‌ಹೇಲರ್ ತಗೊಳ್ಳಿ. ಎಷ್ಟೋ ಸಲ ಅದು ಸರಿಯೂ ಇರುತ್ತದೆ. ಆದರೆ ದಯವಿಟ್ಟು ಒಮ್ಮೆ ಅಂಗಿ ಬಿಚ್ಚಿಸಿ ಎದೆಯನ್ನೂ ನೋಡಿ.

ನನ್ನ ಅಕ್ಕನ ಮಗನಿಗೆ ಚಿಕ್ಕಂದಿನಿಂದಲೂ ಎದೆಯ ನಡುವೆ ಗುಳಿ ಇತ್ತು. "ನಿಮ್ಮ ತಾತಂಗೂ ಹಿಂಗೇ ಇತ್ತು ಕಣೋ, ಏನೂ ಆಗಲ್ಲ" ಅನ್ನುತ್ತಿದ್ದರು ನಮ್ಮಮ್ಮ. ಹೈಸ್ಕೂಲಿಗೆ ಬಂದು ಸರಸರ ಎತ್ತರ ಬೆಳೆದಾಗ ಗುಳಿಯೂ ಆಳವಾಯಿತು. ಪೆಕ್ಟಸ್ ಎಕ್ಸ್‌ಕವೇಟಮ್ ಅನ್ನುತ್ತಾರೆ ಇದಕ್ಕೆ. ಎದೆಮೂಳೆ ಒಳಕ್ಕೆ ತಗ್ಗಿರುತ್ತದೆ. ಹುಡುಗಿಯರಿಗೂ ಬರುತ್ತದೆ, ಹುಡುಗರಲ್ಲಿ ಜಾಸ್ತಿ.

ಪಿಟಿ ಪೀರಿಯಡ್‌ನಲ್ಲಿ ಅವನು ಮೂಲೆಯಲ್ಲಿ ಕೂರುತ್ತಿದ್ದ. ಶ್ವಾಸಕೋಶದ ಪರೀಕ್ಷೆ ಮಾಡಿಸಿದರೆ ಹೆಚ್ಚುಕಡಿಮೆ ನಾರ್ಮಲ್ ಬಂತು, ಒಬ್ಬ ಡಾಕ್ಟರಂತೂ "ಮನಸ್ಸಿನ ಭಯ ಅಷ್ಟೇ" ಅಂತ ಹುಡುಗನ ಎದುರಿಗೇ ಹೇಳಿಬಿಟ್ಟರು. ನನಗೆ ಈಗಲೂ ಸಿಟ್ಟು ಬರುತ್ತದೆ. ಕುರ್ಚಿಯಲ್ಲಿ ಕೂತು ಊದುವಾಗ ಉಸಿರು ಸಾಲುತ್ತದೆ, ಓಡುವಾಗ ಸಾಲುವುದಿಲ್ಲ! ಒಳಗೆ ಬಂದ ಮೂಳೆ ಹೃದಯವನ್ನು ಎಡಕ್ಕೆ ತಳ್ಳಿ ಅದರ ಬಲಭಾಗವನ್ನು ಅದುಮಿದರೆ ಅದು ಪೂರ್ತಿ ತುಂಬಿಕೊಳ್ಳುವುದಿಲ್ಲ, ಹಾಗಾಗಿ ಓಡುವಾಗ ದೇಹ ಕೇಳಿದಷ್ಟು ರಕ್ತ ಒಂದೊಂದು ಬಡಿತಕ್ಕೂ ಹೊರಗೆ ಬರುವುದಿಲ್ಲ. ಅದಕ್ಕೇ ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ ಉಸಿರು, ಹೃದಯ ಎರಡನ್ನೂ ಅಳೆಯುವ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿ.

ಗುಳಿ ಎಷ್ಟು ಆಳ ಅಂತ ತಿಳಿಯಲು ಸಿಟಿ ಸ್ಕ್ಯಾನ್‌ನಲ್ಲಿ ಎದೆಯ ಅಗಲವನ್ನು ಎದೆಮೂಳೆಗೂ ಬೆನ್ನುಮೂಳೆಗೂ ಇರುವ ಅಂತರದಿಂದ ಭಾಗಿಸುತ್ತಾರೆ. ಅದು ಹ್ಯಾಲರ್ ಇಂಡೆಕ್ಸ್. ಗುಳಿ ಇಲ್ಲದವರಿಗೆ ಸಾಮಾನ್ಯವಾಗಿ 2.5ರ ಆಸುಪಾಸು ಇರುತ್ತದೆ, 3.25 ದಾಟಿದರೆ ಆಪರೇಷನ್ ಮಾತು ಬರುತ್ತದೆ.

ಆಪರೇಷನ್ ಅಂದ ಕೂಡಲೇ ಅಕ್ಕ ಅಳಲು ಶುರು ಮಾಡಿದಳು. ಆದರೆ ಅಮೆರಿಕದ ಸರ್ಜನ್ ಡೊನಾಲ್ಡ್ ನಸ್ 1987ರಲ್ಲಿ ಶುರು ಮಾಡಿದ ವಿಧಾನದಲ್ಲಿ ಎದೆಯನ್ನು ನಡುವೆ ಸೀಳುವುದಿಲ್ಲ. ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ಬಾಗಿದ ಲೋಹದ ಪಟ್ಟಿಯನ್ನು ಮೂಳೆಯ ಕೆಳಗೆ ತೂರಿಸಿ ಮೇಲಕ್ಕೆತ್ತುತ್ತಾರೆ, ಎರಡು ಮೂರು ವರ್ಷ ಬಿಟ್ಟು ತೆಗೆಯುತ್ತಾರೆ. ನೋವು ಇರುತ್ತದೆ, ಮೊದಲ ದಿನಗಳಲ್ಲಿ ಜೋರಾಗಿಯೇ ಇರುತ್ತದೆ, ಅದನ್ನು ಹುಡುಗನಿಂದ ಮುಚ್ಚಿಡಬೇಡಿ. ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ಗುಳಿ ಕಡಿಮೆ ಇದ್ದು ಎದೆಗೂಡು ಇನ್ನೂ ಮೆತ್ತಗಿದ್ದರೆ ಗಾಳಿ ಎಳೆದು ಮೂಳೆ ಎತ್ತುವ ವ್ಯಾಕ್ಯೂಮ್ ಬೆಲ್ ಇದೆ. ಎದೆ ಮುಂದಕ್ಕೆ ಚಾಚಿದ್ದರೆ ಬೇರೆ ಕಥೆ, ಅದಕ್ಕೆ ಬೆಳೆಯುವ ವಯಸ್ಸಿನಲ್ಲಿ ಬೆಲ್ಟಿನಂಥ ಬ್ರೇಸ್ ಕಟ್ಟಿದರೇ ಬಹಳ ಮಕ್ಕಳಿಗೆ ಸಾಕಾಗುತ್ತದೆ.

ಇನ್ನೊಂದು. ಹುಡುಗ ತೀರಾ ಉದ್ದ, ತೆಳ್ಳಗಿದ್ದು ಕೈಬೆರಳೂ ಉದ್ದ ಇದ್ದರೆ ಮಾರ್ಫಾನ್ ಸಿಂಡ್ರೋಮ್ ಅನ್ನುವ ಹುಟ್ಟಿನಿಂದಲೇ ಬರುವ ಕಾಯಿಲೆ ಇರಬಹುದಾ ಅಂತ ಡಾಕ್ಟರನ್ನು ಕೇಳಿ. ಅದರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹಿಗ್ಗುವ ಅಪಾಯ ಇದೆ, ಎಕೋ (ಹೃದಯದ ಸ್ಕ್ಯಾನ್) ಮತ್ತು ಕಣ್ಣಿನ ಪರೀಕ್ಷೆ ಎರಡೂ ಆಗಬೇಕು.