ಕೋಶ ಕಮ್ಮಿ ಇದೆ ಅಂತ ಬಿಲ್ಲೆಯನ್ನು ಫೇಲ್ ಮಾಡಬೇಡಿ

ಹಲ್ಲಿನ ಇಂಪ್ಲಾಂಟ್ ಮಾಡುವವರು ನಮ್ಮ ಲ್ಯಾಬಿಗೆ ಟೈಟಾನಿಯಂ ಬಿಲ್ಲೆಗಳನ್ನು ಕಳಿಸುತ್ತಾರೆ. ಕೆಲವು ಪಾಲಿಶ್ ಆಗಿ ಫಳಫಳ ಹೊಳೆಯುತ್ತವೆ. ಇನ್ನು ಕೆಲವಕ್ಕೆ ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ, ಆಸಿಡ್‌ನಲ್ಲಿ ಅದ್ದಿರುತ್ತಾರೆ. ಅವು ಮಂಕು ಬೂದಿ ಬಣ್ಣ. ಎರಡರ ಮೇಲೂ ಮೂಳೆ ಕೋಶ ಬೆಳೆಸಿ, ಯಾವುದು ವಾಸಿ ಅಂತ ಹೇಳುವುದು ನಮ್ಮ ಕೆಲಸ.

ಹೊಸದಾಗಿ ಸೇರಿದವರು ಎಣಿಕೆ ನೋಡಿದ ಕೂಡಲೇ ಕೇಳುತ್ತಾರೆ: "ಮೇಡಂ, ನುಣುಪು ಬಿಲ್ಲೆ ಮೇಲೇ ಕೋಶ ಜಾಸ್ತಿ ಇದೆ. ಒರಟಿಂದು ಫೇಲ್ ಅಂತ ಬರೀಲಾ?"

ಬರೀಬೇಡಿ. ಮೊದಲು ಆ ಎಣಿಕೆಯನ್ನೇ ಅನುಮಾನಿಸಿ. ಕೋಶಗಳನ್ನು ಮೈಯಿಂದ ಬಿಡಿಸುವ ಕಿಣ್ವ ಟ್ರಿಪ್ಸಿನ್ ಹಾಕಿದರೆ ನುಣುಪು ಮೈಯಿಂದ ಕೋಶಗಳು ಸಲೀಸಾಗಿ ಎದ್ದು ಬರುತ್ತವೆ. ಒರಟು ಮೈಯಲ್ಲಿ ಕಚ್ಚಿ ಕೂತುಬಿಡುತ್ತವೆ. ಒಂದೇ ಸಲ ಹಾಕಿ ಎಣಿಸಿದರೆ ಸಿಗುವುದು ಅರ್ಧಂಬರ್ಧ ಲೆಕ್ಕ. ಎರಡನೇ ಸಲವೂ ಹಾಕಬೇಕು, ಇಲ್ಲವೇ ಕೋಶಗಳನ್ನು ಬಿಲ್ಲೆಯ ಮೇಲೇ ಒಡೆದು ಡಿಎನ್‌ಎ ಅಳೆಯಬೇಕು; ಡಿಎನ್‌ಎ ಎಷ್ಟಿದೆ ಅನ್ನುವುದರಿಂದ ಕೋಶ ಎಷ್ಟಿವೆ ಅಂತ ಅಂದಾಜು ಸಿಗುತ್ತದೆ. ಅದಕ್ಕೂ ಮೊದಲು ಬಿಲ್ಲೆಯನ್ನು ಹೊಸ ವೆಲ್‌ಗೆ (ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯ ಕುಳಿಗೆ) ಎತ್ತಿಡಿ. ಇಲ್ಲದಿದ್ದರೆ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಬೆಳೆದವೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಇಣುಕಿ ನೋಡೋಣ ಅಂದರೆ, ಟೈಟಾನಿಯಂ ದಾಟಿ ಬೆಳಕು ಬರಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒರಟು ಬಿಲ್ಲೆಯಲ್ಲಿ ಕೋಶ ಕಮ್ಮಿಯೇ ಇರಬಹುದು. ಅಮೆರಿಕದಲ್ಲಿ ಬಾರ್ಬರಾ ಬೋಯನ್, ಜ್ವಿ ಶ್ವಾರ್ಟ್ಜ್ ಅವರ ತಂಡ ಎಂಜಿ63 ಎಂಬ, ಲ್ಯಾಬಿನಲ್ಲಿ ಬೆಳೆಸುವ ಮೂಳೆ ಕೋಶದಂಥ ಮಾನವ ಕೋಶಗಳಲ್ಲಿ 1995ರಲ್ಲೇ ಇದನ್ನು ತೋರಿಸಿತ್ತು. ಒರಟು ಮೈ ಸಿಕ್ಕಿದರೆ ಕೋಶ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನು ನಿಧಾನ ಮಾಡಿ, ಮೂಳೆ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಅದಕ್ಕೇ ನಾವು ಅಲ್ಕಲೈನ್ ಫಾಸ್ಫಟೇಸ್ ಪರೀಕ್ಷೆ ಮಾಡುವುದು. ಇದು ಮೂಳೆ ಕಟ್ಟುವ ಕೋಶಗಳಲ್ಲಿರುವ ಒಂದು ಕಿಣ್ವ. ಅದು ಇದ್ದಷ್ಟೂ ವೆಲ್‌ನಲ್ಲಿರುವ ದ್ರಾವಣ ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು ಡಿಎನ್‌ಎಯಿಂದ ಭಾಗಿಸಿದರೆ ಒಂದೊಂದು ಕೋಶ ಎಷ್ಟು ದುಡಿಯುತ್ತಿದೆ ಅಂತ ಗೊತ್ತಾಗುತ್ತದೆ. ಭಾಗಿಸದೆ ಬರೆದ ರಿಪೋರ್ಟಿಗೆ ನಾನು ಸಹಿ ಹಾಕಲ್ಲ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗೆ ವಿಷಯ ಕಣ್ಣಿಗೇ ಬೀಳುತ್ತದೆ. ಬ್ಲಾಸ್ಟಿಂಗ್ ಮಾಡಿದ ಗುಂಡಿಗಳು ಹತ್ತಾರು ಮೈಕ್ರಾನ್ ಅಗಲ. ಅವುಗಳ ಒಳಗೆ ಆಸಿಡ್ ಕೊರೆದ ಎರಡು-ಮೂರು ಮೈಕ್ರಾನಿನ ಸಣ್ಣ ತೂತುಗಳು. ಕೋಶ ದೊಡ್ಡ ಗುಂಡಿಯಲ್ಲಿ ಮಲಗಬಹುದು, ಸಣ್ಣ ತೂತಿಗೆ ಇಳಿಯಲಾರದು. ಅಂಚಿನಿಂದ ಅಂಚಿಗೆ ಕಾಲು ಚಾಚಿ ನಿಲ್ಲುತ್ತದೆ. ಪಾಲಿಶ್ ಬಿಲ್ಲೆಯಲ್ಲಾದರೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಕೋಶದ ಒಳಗಿನ ಎಳೆಗಳ ಬಿಗಿತ ಇದರಿಂದಲೇ ಬದಲಾಗುತ್ತದೆ. ಮುಂದೆ ಏನಾಗಬೇಕು ಅನ್ನುವ ಸೂಚನೆಯೂ ಅಲ್ಲಿಂದ ಹೋಗುತ್ತದೆ. ಇಂಪ್ಲಾಂಟ್ ಒರಟು ಮಾಡುವುದೆಂದರೆ, ಪ್ಲಾಸ್ಟರ್ ಹಿಡಿಯಲಿ ಅಂತ ಗಾರೆಯವರು ಕಾಂಕ್ರೀಟಿಗೆ ಕಚ್ಚು ಹೊಡೆದ ಹಾಗೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅರ್ಧ ನಿಜ. ಗಾರೆಗೆ ಜೀವ ಇಲ್ವಲ್ಲ.

ತಟ್ಟೆಯಲ್ಲಿ ಕಂಡದ್ದೆಲ್ಲ ದವಡೆಯಲ್ಲಿ ಆಗಬೇಕೆಂದಿಲ್ಲ, ಒಪ್ಪುತ್ತೇನೆ. ಆದರೆ 1991ರಲ್ಲಿ ಡೇನಿಯಲ್ ಬುಸರ್ ಮತ್ತು ಸಂಗಡಿಗರು ಪುಟ್ಟ ತಳಿಯ ಹಂದಿಗಳ ಕಾಲಿನ ಮೂಳೆಗೆ ಇಂಪ್ಲಾಂಟ್ ಕೂರಿಸಿ ನೋಡಿದ್ದರು. ಪಾಲಿಶ್ ಮಾಡಿದ್ದಕ್ಕೆ ಮೂಳೆ ಅಂಟಿದ್ದು ಸರಾಸರಿ 20-25%. ದಪ್ಪ ಹರಳಿನಿಂದ ಬ್ಲಾಸ್ಟ್ ಮಾಡಿ ಆಸಿಡ್ ಕೊಟ್ಟಿದ್ದಕ್ಕೆ 50-60%.

ಹಾಗಂತ ಒರಟು ಜಾಸ್ತಿ ಮಾಡಿದಷ್ಟೂ ಲಾಭ ಅಂತಲ್ಲ. ಒಂದರಿಂದ ಎರಡು ಮೈಕ್ರಾನ್ ಸರಾಸರಿ ಒರಟುತನ ಇದ್ದರೆ ಮೂಳೆಗೆ ಚೆನ್ನಾಗಿ ಹಿಡಿಸುತ್ತದೆ. ಅದಕ್ಕಿಂತ ಒರಟಾಗಿ, ಆ ಮೈ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳಿಗೂ ಅದೇ ಮನೆ. ವಸಡಿಗೆ ತಾಗುವ ಕತ್ತಿನ ಭಾಗವನ್ನು ಎಷ್ಟೋ ಇಂಪ್ಲಾಂಟ್‌ಗಳಲ್ಲಿ ನುಣುಪಾಗಿಯೇ ಬಿಟ್ಟಿರುವುದು ಇದೇ ಕಾರಣಕ್ಕೆ. ಹಾಗಾಗಿ ಬಿಲ್ಲೆ ಕಳಿಸುವವರನ್ನು ನಾನು ಮೊದಲು ಕೇಳುವುದು: ಇದು ಮೂಳೆಯೊಳಗೆ ಕೂರುವ ಮೈಯಾ, ವಸಡಿನ ಹತ್ತಿರದ್ದಾ?