ಯೂರಿಯಾ ನೀರು ತಣ್ಣಗಾದರೆ ಶಾಖ ಎಲ್ಲಿಗೆ ಹೋಯಿತು?

ತಾಲೂಕು ಕೇಂದ್ರದ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. 14 ವರ್ಷ ಆಯಿತು. ಫಸ್ಟ್ ಪಿಯುಸಿ ಮಕ್ಕಳನ್ನು ಯಾವ ಪಾಠಕ್ಕೆ ಭಯ ಅಂತ ಕೇಳಿದರೆ ಥರ್ಮೋಡೈನಮಿಕ್ಸ್ (ಶಾಖ, ಕೆಲಸ, ಶಕ್ತಿಯ ಲೆಕ್ಕದ ಪಾಠ) ಹೆಸರು ಮೊದಲು ಬರುತ್ತದೆ. ಲೆಕ್ಕ ಕಷ್ಟ ಅಂತಲ್ಲ, ಕೂಡುವುದು ಕಳೆಯುವುದು ಬಿಟ್ಟರೆ ಅದರಲ್ಲಿ ದೊಡ್ಡ ಗಣಿತ ಏನೂ ಇಲ್ಲ. ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಅನ್ನುವುದರಲ್ಲೇ ಎಲ್ಲರೂ ಮುಗ್ಗರಿಸುತ್ತಾರೆ. ಅದನ್ನು ಸರಿಯಾಗಿ ಹೇಳಿಕೊಡಲು ನನಗೇ ಐದು ವರ್ಷ ಬೇಕಾಯಿತು. ಕಲಿಸಿದ್ದು ಒಬ್ಬ ವಿದ್ಯಾರ್ಥಿ.

ಎಕ್ಸೋಥರ್ಮಿಕ್ (ಶಾಖ ಹೊರಗೆ ಬಿಡುವುದು), ಎಂಡೋಥರ್ಮಿಕ್ (ಶಾಖ ಒಳಗೆ ತೆಗೆದುಕೊಳ್ಳುವುದು) ಪಾಠ ನಡೆಯುತ್ತಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಮನೆಯಲ್ಲಿ ನಾಲ್ಕು ಎಕರೆ ಗೋವಿನಜೋಳ ಹಾಕುವವರ ಮಗ. "ಮೇಡಂ, ನಾವು ಬೆಳೆಗೆ ಹೊಡೆಯೋಕೆ ಮುಂಚೆ ಬಕೆಟ್‌ನಲ್ಲಿ ಯೂರಿಯಾ ಕರಗಿಸ್ತೀವಿ. ಕೈ ಹಾಕಿದ್ರೆ ನೀರು ಐಸ್ ಥರ ತಣ್ಣಗಿರುತ್ತೆ. ತಣ್ಣಗಾಯ್ತು ಅಂದ್ರೆ ಶಾಖ ಹೊರಗೆ ಹೋಯ್ತು ಅಲ್ವಾ? ಹಂಗಾದ್ರೆ ಅದು ಎಕ್ಸೋಥರ್ಮಿಕ್ ಅಲ್ವಾ?"

ನಾನು ಹೇಳಿದ್ದು ಇಷ್ಟೇ: "ಇಲ್ಲಪ್ಪ, ಎಂಡೋಥರ್ಮಿಕ್. ಬಿಸಿಯಾದರೆ ಎಕ್ಸೋ, ತಣ್ಣಗಾದರೆ ಎಂಡೋ. ನೆನಪಿಟ್ಟುಕೋ." ಅವನು ಕೂತ. ಮುಖ ನೋಡಿದರೆ ಒಪ್ಪಿಲ್ಲ ಅಂತ ಗೊತ್ತಾಗುತ್ತಿತ್ತು.

ಸಂಜೆ ಬಸ್ಸಿನಲ್ಲಿ ಅದೇ ತಲೆಯಲ್ಲಿ ಓಡುತ್ತಿತ್ತು. ಅವನ ಮಾತಿನಲ್ಲಿ ತಪ್ಪೇನಿದೆ? ಟೇಬಲ್ ಮೇಲಿಟ್ಟ ಚಹಾ ತಣ್ಣಗಾಗುವುದು ಶಾಖ ಹೊರಗೆ ಹೋಗಿಯೇ ತಾನೇ? ಹಾಗಿದ್ದಾಗ ಯೂರಿಯಾ ನೀರು ತಣ್ಣಗಾದರೆ ಶಾಖ ಒಳಗೆ ಬಂತು ಅಂತ ಯಾವ ಬಾಯಲ್ಲಿ ಹೇಳುವುದು? ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಶಾಖ ಒಳಗೂ ಬರದ, ಹೊರಗೂ ಹೋಗದ ದಪ್ಪ ಥರ್ಮೋಕೋಲ್ ಲೋಟದಲ್ಲಿ ಕರಗಿಸಿದರೂ ನೀರು ತಣ್ಣಗಾಗುತ್ತದೆ. ಅಲ್ಲಿ ಶಾಖ ಗಡಿ ದಾಟಿಯೇ ಇಲ್ಲ. ಆದರೂ ಪುಸ್ತಕದಲ್ಲಿ ಒಂದು ಮೋಲ್ ಯೂರಿಯಾ, ಅಂದರೆ 60 ಗ್ರಾಂ, ಕರಗಿದರೆ ಡೆಲ್ಟಾ ಎಚ್ (ಶಾಖದ ಲೆಕ್ಕ: ಒಳಗೆ ಬಂದರೆ ಪ್ಲಸ್, ಹೊರಗೆ ಹೋದರೆ ಮೈನಸ್) ಸುಮಾರು ಪ್ಲಸ್ 15 ಕಿಲೋಜೂಲ್ ಅಂತ ಇದೆ. ಈ 15 ಎಲ್ಲಿಂದ ಬಂತು?

ಉತ್ತರ ಸಣ್ಣದು. ಆದರೆ ನಾನು ಅದನ್ನು ತರಗತಿಯಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಪುಸ್ತಕದ ಸಂಖ್ಯೆ ಶುರುವಿನ ಉಷ್ಣತೆ ಮತ್ತು ಕೊನೆಯ ಉಷ್ಣತೆ ಎರಡೂ ಒಂದೇ ಅಂತ ಇಟ್ಟುಕೊಂಡು ಬರೆದದ್ದು. 25 ಡಿಗ್ರಿಯ ಯೂರಿಯಾ, 25 ಡಿಗ್ರಿಯ ನೀರು, ಕೊನೆಗೆ 25 ಡಿಗ್ರಿಯ ದ್ರಾವಣ. ಹರಳು ಬಿಡಿಸಲು ಶಕ್ತಿ ಬೇಕು, ನೀರಿನ ಕಣಗಳು ಯೂರಿಯಾವನ್ನು ಸುತ್ತುವರಿದಾಗ ಸ್ವಲ್ಪ ವಾಪಸ್ ಸಿಗುತ್ತದೆ, ಆದರೆ ಸಾಲುವುದಿಲ್ಲ. ಕಡಿಮೆ ಬಿದ್ದದ್ದನ್ನು ನೀರು ತನ್ನ ಬಿಸಿಯಿಂದಲೇ ಕೊಡುತ್ತದೆ. ಅದಕ್ಕೇ ತಣ್ಣಗಾಗುವುದು. ಆಮೇಲೆ ಆ ಬಕೆಟ್ ಮತ್ತೆ ಮೊದಲಿನ ಉಷ್ಣತೆಗೆ ಬರುವ ತನಕ ಸುತ್ತಲಿನ ಗಾಳಿಯಿಂದ, ಬಕೆಟ್‌ನಿಂದ, ನಿಮ್ಮ ಕೈಯಿಂದ ಶಾಖ ಒಳಗೆ ಬರುತ್ತದಲ್ಲ, ಆ ಮೊತ್ತವೇ ಪ್ಲಸ್ 15. ತಣ್ಣಗಿನ ನೀರು ಶಾಖ ಕಳೆದುಕೊಂಡಿದ್ದರ ಗುರುತಲ್ಲ. ಶಾಖ ಇನ್ನೂ ಬರಬೇಕಾಗಿದೆ ಅನ್ನುವುದರ ಗುರುತು. ಕೈಯಿಂದ ಶಾಖ ಬಕೆಟ್ ಒಳಗೆ ಹೋಗುತ್ತಿದೆ, ಅದಕ್ಕೇ ಕೈಗೆ ತಣ್ಣಗೆ ಅನಿಸುವುದು.

ಮರುದಿನ ಆ ಹುಡುಗನನ್ನು ಕರೆದು ಇದನ್ನೇ ಹೇಳಿದೆ. "ಹಂಗಾದ್ರೆ ನೀರು ಸಾಲ ಕೊಟ್ಟಿದೆ, ಗಾಳಿ ತೀರಿಸುತ್ತೆ" ಅಂದ. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಲ್ಲ.

ಅಂದಿನಿಂದ ಪಾಠದ ಕ್ರಮವನ್ನೇ ಬದಲಾಯಿಸಿದೆ. ಮೊದಲ ದಿನ ಬೋರ್ಡ್ ಮೇಲೆ ಸೂತ್ರ ಬರೆಯುವುದಿಲ್ಲ. ಒಂದು ಲೋಟದ ಚಿತ್ರ ಬರೆದು ಅದರ ಸುತ್ತ ಗೆರೆ ಎಳೆಯುತ್ತೇನೆ. ಗೆರೆ ಒಳಗಿನದು ಸಿಸ್ಟಮ್, ಹೊರಗಿನದು ಸರೌಂಡಿಂಗ್ಸ್. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ನಿಮ್ಮ ಇಷ್ಟ, ಆದರೆ ಒಂದು ಸಲ ಎಳೆದ ಮೇಲೆ ಲೆಕ್ಕ ಮುಗಿಯುವ ತನಕ ಅಳಿಸುವಂತಿಲ್ಲ. ಯಾವುದೇ ಪ್ರಶ್ನೆ ಬಂದರೂ ಮೊದಲು "ಗೆರೆ ಎಲ್ಲಿ?", ಆಮೇಲೆ "ಶುರು ಹೇಗಿತ್ತು, ಕೊನೆ ಹೇಗಿದೆ?" ಇಷ್ಟು ಕೇಳಿಕೊಂಡರೆ ಚಿಹ್ನೆಯ ಗೊಂದಲ ಮುಕ್ಕಾಲು ಪಾಲು ಅಲ್ಲೇ ತೀರುತ್ತದೆ.

ಉಳಿದ ಕಾಲು ಪಾಲು ಫಿಸಿಕ್ಸ್ ಕ್ಲಾಸಿನಿಂದ ಬರುತ್ತದೆ. ಅದೇ ಮಕ್ಕಳು, ಅದೇ ವರ್ಷ, ಫಿಸಿಕ್ಸ್‌ನಲ್ಲಿ ಮೊದಲನೇ ನಿಯಮವನ್ನು "ಡೆಲ್ಟಾ ಕ್ಯೂ = ಡೆಲ್ಟಾ ಯು + ಡೆಲ್ಟಾ ಡಬ್ಲ್ಯೂ" ಅಂತ ಬರೆಯುತ್ತಾರೆ. ಕ್ಯೂ ಅಂದರೆ ಶಾಖ, ಯು ಅಂದರೆ ಆಂತರಿಕ ಶಕ್ತಿ, ಡಬ್ಲ್ಯೂ ಅಂದರೆ ಕೆಲಸ. ನನ್ನ ಕ್ಲಾಸಿಗೆ ಬಂದರೆ "ಡೆಲ್ಟಾ ಯು = ಕ್ಯೂ + ಡಬ್ಲ್ಯೂ". ಕೆಲಸದ ಚಿಹ್ನೆ ತಿರುಗಿಹೋಗಿದೆ! ಎರಡೂ ಸರಿ. ಫಿಸಿಕ್ಸ್‌ನವರು ಸಿಸ್ಟಮ್ ಮಾಡಿದ ಕೆಲಸವನ್ನು ಪ್ಲಸ್ ಅಂತ ಎಣಿಸುತ್ತಾರೆ, ಎಂಜಿನ್ ನಮಗೆ ಎಷ್ಟು ಕೆಲಸ ಕೊಟ್ಟಿತು ಅನ್ನುವುದು ಅವರಿಗೆ ಮುಖ್ಯ. ನಾವು ಸಿಸ್ಟಮ್ ಮೇಲೆ ಆದ ಕೆಲಸವನ್ನು ಪ್ಲಸ್ ಅಂತೀವಿ, ಗೆರೆ ಒಳಗೆ ಬಂದದ್ದೆಲ್ಲ ಜಮಾ, ಹೊರಗೆ ಹೋದದ್ದೆಲ್ಲ ಖರ್ಚು. ಇದನ್ನು ಮಕ್ಕಳಿಗೆ ಯಾರೂ ಹೇಳದೇ ಇರುವುದರಿಂದ ಒಂದನ್ನು ಸರಿ, ಇನ್ನೊಂದನ್ನು ತಪ್ಪು ಅಂದುಕೊಂಡು ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಈಗ ವರ್ಷಕ್ಕೊಂದು ದಿನ ನಾನೂ ನಮ್ಮ ಫಿಸಿಕ್ಸ್ ಸರ್ ಇಬ್ಬರೂ ಒಂದೇ ತರಗತಿಗೆ ಹೋಗುತ್ತೇವೆ. ಒಂದೇ ಪಿಸ್ಟನ್ ಲೆಕ್ಕವನ್ನು ಅವರು ಬೋರ್ಡಿನ ಎಡಕ್ಕೆ, ನಾನು ಬಲಕ್ಕೆ ಮಾಡುತ್ತೇವೆ. ಉತ್ತರ ಒಂದೇ ಬರುವುದನ್ನು ಮಕ್ಕಳೇ ನೋಡಬೇಕು. ಬೇರೆ ಕಾಲೇಜಿನ ಸಹೋದ್ಯೋಗಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇದೊಂದನ್ನು ಮಾಡಿ ನೋಡಿ, 45 ನಿಮಿಷ ಸಾಕು.

ಎಂಥಾಲ್ಪಿ, ಅಂದರೆ ಡೆಲ್ಟಾ ಎಚ್‌ನಲ್ಲಿರುವ ಎಚ್, ಅದರ ಬಗ್ಗೆ ಒಂದು ಮಾತು. "ಆಂತರಿಕ ಶಕ್ತಿ ಯು ಇರುವಾಗ ಎಚ್ ಯಾಕೆ ಬೇಕು ಮೇಡಂ" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನಾವು ಅಡುಗೆ ಮಾಡುವುದು, ಲ್ಯಾಬ್‌ನಲ್ಲಿ ಪ್ರಯೋಗ ಮಾಡುವುದು ಎಲ್ಲ ಬಾಯಿ ತೆರೆದ ಪಾತ್ರೆಯಲ್ಲಿ, ಗಾಳಿಯ ಒತ್ತಡದ ಕೆಳಗೆ. ಒಂದು ಮೋಲ್ ನೀರು, ಅಂದರೆ 18 ಗ್ರಾಂ, ಒಂದು ದೊಡ್ಡ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಅದು 100 ಡಿಗ್ರಿಯಲ್ಲಿ ಆವಿಯಾದರೆ ಸುಮಾರು 30 ಲೀಟರ್ ಜಾಗ ಬೇಕು. ಅಂಗಡಿಯಲ್ಲಿ ಸಿಗುವ 20 ಲೀಟರಿನ ನೀರಿನ ಕ್ಯಾನ್ ಒಂದೂವರೆ! ಅಷ್ಟು ಜಾಗದಲ್ಲಿದ್ದ ಗಾಳಿಯನ್ನು ತಳ್ಳಿಕೊಂಡೇ ಆವಿ ಹೊರಗೆ ಬರಬೇಕು. ಒಲೆ ಕೊಟ್ಟ 40.7 ಕಿಲೋಜೂಲ್‌ನಲ್ಲಿ ಸುಮಾರು 3.1 ಈ ತಳ್ಳುವ ಕೆಲಸಕ್ಕೇ ಹೋಗುತ್ತದೆ. ಉಳಿದ 37.6 ಮಾತ್ರ ಆಂತರಿಕ ಶಕ್ತಿಗೆ ಸೇರುತ್ತದೆ. ತೆರೆದ ಪಾತ್ರೆಯಲ್ಲಿ ಒಲೆಯಿಂದ ಬಂದ ಪೂರ್ತಿ ಶಾಖದ ಲೆಕ್ಕ ಎಂಥಾಲ್ಪಿ. ಬಿಗಿ ಮುಚ್ಚಿದ ಗಟ್ಟಿ ಡಬ್ಬಿಯಲ್ಲಿ ಹಿಗ್ಗಲು ಜಾಗವೇ ಇಲ್ಲ, ಅಲ್ಲಿ ಯು ಸಾಕು. ಬಾಂಬ್ ಕ್ಯಾಲೊರಿಮೀಟರ್ (ಮುಚ್ಚಿದ ಗಟ್ಟಿ ಡಬ್ಬಿಯಲ್ಲಿ ಉರಿಸಿ ಶಾಖ ಅಳೆಯುವ ಉಪಕರಣ) ಅಳೆಯುವುದು ಅದನ್ನೇ.

ಶಾಖ ಮತ್ತು ಉಷ್ಣತೆ ಬೇರೆ ಬೇರೆ ಅನ್ನುವುದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ಹೀಗೆ ಮಾಡುತ್ತೇನೆ. 100 ಎಂಎಲ್ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್, 100 ಎಂಎಲ್ ಒಂದು ಮೋಲಾರ್ ಕಾಸ್ಟಿಕ್ ಸೋಡಾ. ಥರ್ಮೋಕೋಲ್ ಲೋಟದಲ್ಲಿ ಸೇರಿಸಿದರೆ 6ರಿಂದ 7 ಡಿಗ್ರಿ ಏರುತ್ತದೆ. ಈಗ ಎರಡನ್ನೂ 200 ಎಂಎಲ್ ತಗೊಂಡರೆ ಎಷ್ಟು ಏರುತ್ತದೆ, ಮೊದಲು ಬರೆದಿಡಿ ಅನ್ನುತ್ತೇನೆ. ಹೆಚ್ಚಿನವರು 13 ಅಂತ ಬರೆಯುತ್ತಾರೆ. ಸೇರಿಸಿ ನೋಡಿದರೆ ಮತ್ತೆ ಅದೇ 6, 7. ಲ್ಯಾಬ್ ನಿಶ್ಶಬ್ದ ಆಗುತ್ತದೆ. ಶಾಖ ಎರಡರಷ್ಟು ಬಂದಿದೆ, 5.7 ಕಿಲೋಜೂಲ್ ಇದ್ದದ್ದು 11.4 ಆಗಿದೆ, ಆದರೆ ಅದನ್ನು ಹಂಚಿಕೊಳ್ಳುವ ನೀರೂ ಎರಡರಷ್ಟು ಇದೆ. ಒಬ್ಬರ ಪಾಲಿಗೆ ಬಂದದ್ದು ಅಷ್ಟೇ. ಎಕ್ಸ್‌ಟೆನ್ಸಿವ್ (ಪ್ರಮಾಣದ ಜೊತೆ ಹೆಚ್ಚುವುದು, ಶಾಖದ ಥರ), ಇಂಟೆನ್ಸಿವ್ (ಪ್ರಮಾಣ ಹೆಚ್ಚಿದರೂ ಬದಲಾಗದ್ದು, ಉಷ್ಣತೆಯ ಥರ) ಅನ್ನುವ ಪದ ಇದಾದ ಮೇಲೆ ಹೇಳಿದರೆ ಸಾಕು.

ಸ್ಟೇಟ್ ಫಂಕ್ಷನ್ ಅಂದರೆ ಹೋದ ದಾರಿಯ ಮೇಲಲ್ಲ, ಶುರು ಮತ್ತು ಕೊನೆಯ ಮೇಲೆ ಮಾತ್ರ ನಿಂತಿರುವುದು. ಅದಕ್ಕೆ ಘಾಟಿ ರಸ್ತೆಯ ಉದಾಹರಣೆ ಒಳ್ಳೆಯದು. ಮಂಗಳೂರಿಂದ ಹಾಸನಕ್ಕೆ ಶಿರಾಡಿ ಘಾಟಿಯಲ್ಲಿ ಹೋಗಬಹುದು, ಚಾರ್ಮಾಡಿ ಹತ್ತಿ ಮೂಡಿಗೆರೆ, ಬೇಲೂರು ಮೇಲೂ ಹೋಗಬಹುದು. ಡೀಸೆಲ್ ಖರ್ಚು ಬೇರೆ, ಹೊತ್ತು ಬೇರೆ. ಏರಿದ ಎತ್ತರ ಒಂದೇ. ಎಂಥಾಲ್ಪಿ ಎತ್ತರದ ಥರ, ಶಾಖ ಮತ್ತು ಕೆಲಸ ಡೀಸೆಲ್ ಥರ. ಇದನ್ನು ಹಿಡಿದುಕೊಂಡರೆ ಹೆಸ್ ನಿಯಮ ಅಲ್ಲೇ ಸಿಕ್ಕಿತು: ಒಂದೇ ಹೆಜ್ಜೆಯಲ್ಲಿ ಹೋದರೂ ಹಲವು ಹೆಜ್ಜೆಯಲ್ಲಿ ಹೋದರೂ ಒಟ್ಟು ಡೆಲ್ಟಾ ಎಚ್ ಒಂದೇ. ಇದ್ದಿಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುವಾಗಿನ ಶಾಖವನ್ನು ನೇರವಾಗಿ ಅಳೆಯುವುದು ಕಷ್ಟ, ಯಾಕೆಂದರೆ ಸ್ವಲ್ಪ ಡೈಆಕ್ಸೈಡ್ ಬೆರೆತೇ ಬರುತ್ತದೆ. ಆದರೆ ಪೂರ್ತಿ ಉರಿದರೆ ಮೋಲ್‌ಗೆ ಮೈನಸ್ 393.5 ಕಿಲೋಜೂಲ್, ಮೊನಾಕ್ಸೈಡ್ ಉರಿದರೆ ಮೈನಸ್ 283 ಅಂತ ಅಳೆಯಬಹುದು. ಕಳೆದರೆ ಮೈನಸ್ 110.5. ಹೆಸ್ ಇದನ್ನು 1840ರಲ್ಲೇ ಹೇಳಿದ್ದರು, ಶಕ್ತಿ ಸಂರಕ್ಷಣೆಯ ನಿಯಮ ಇನ್ನೂ ಒಂದು ರೂಪಕ್ಕೆ ಬಂದಿರಲಿಲ್ಲ.

ಈಗ ಮತ್ತೆ ಯೂರಿಯಾಕ್ಕೆ ಬರುತ್ತೇನೆ, ಪಾಠದ ಅಸಲು ಪ್ರಶ್ನೆ ಅಲ್ಲೇ ಇದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಸುಣ್ಣ ಅರಳಿಸುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತಾರೆ. ಅಲ್ಲಿ ಮೋಲ್‌ಗೆ ಸುಮಾರು 65 ಕಿಲೋಜೂಲ್ ಹೊರಗೆ ಬರುತ್ತದೆ. (ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಇದನ್ನು ನಾನು ತರಗತಿಯಲ್ಲಿ ಮಾಡಿ ತೋರಿಸುವುದಿಲ್ಲ.) ಶಾಖ ಕೊಟ್ಟು ಹಗುರಾಗುವುದು ತಾನಾಗಿ ನಡೆಯುತ್ತದೆ ಅಂದರೆ ಯಾರಾದರೂ ಒಪ್ಪುತ್ತಾರೆ. ಯೂರಿಯಾ ಯಾಕೆ ಶಾಖ ತೆಗೆದುಕೊಂಡೂ ತಾನಾಗಿ ಕರಗುತ್ತದೆ? ಸಾಲ ಮಾಡಿಯಾದರೂ ಕರಗಬೇಕು ಅಂತ ಅದಕ್ಕೇನು ಅವಸರ?

ಎಂಟ್ರೋಪಿ ಬರುವುದು ಇಲ್ಲಿ. ಮೊದಲು ನಾನೂ ಕೋಣೆ ಗಲೀಜಾಗುವ ಉದಾಹರಣೆ ಕೊಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಗಲೀಜು ಅನ್ನುವುದು ನೋಡುವವರ ಕಣ್ಣಿನ ಮಾತು. ಎಂಟ್ರೋಪಿಯನ್ನು ಜೂಲ್ ಪರ್ ಕೆಲ್ವಿನ್‌ನಲ್ಲಿ ಅಳೆಯಬಹುದು. ಹರಳಿನಲ್ಲಿ ಯೂರಿಯಾ ಕಣಗಳು ಬೆಳಗಿನ ಪ್ರಾರ್ಥನೆಯ ಸಾಲಿನಂತೆ, ಒಬ್ಬೊಬ್ಬರಿಗೆ ಒಂದೇ ಜಾಗ. ಕರಗಿದ ಮೇಲೆ ಜಾತ್ರೆಗೆ ಬಿಟ್ಟ ಹಾಗೆ, ಎಲ್ಲಿ ಬೇಕಾದರೂ ಇರಬಹುದು. ಹೀಗೆ ಇರಬಹುದಾದ ರೀತಿಗಳು ಎಷ್ಟು ಅನ್ನುವುದರ ಅಳತೆ ಎಂಟ್ರೋಪಿ. 1865ರಲ್ಲಿ ಕ್ಲಾಸಿಯಸ್ ಆ ಹೆಸರು ಕೊಟ್ಟರು. ಶಾಖದ ಕಡೆಯ ಎಳೆತ, ಎಂಟ್ರೋಪಿ ಕಡೆಯ ಎಳೆತ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು ಗಿಬ್ಸ್: ಡೆಲ್ಟಾ ಜಿ = ಡೆಲ್ಟಾ ಎಚ್ − ಟಿ × ಡೆಲ್ಟಾ ಎಸ್. ಇಲ್ಲಿ ಟಿ ಅಂದರೆ ಕೆಲ್ವಿನ್‌ನಲ್ಲಿ ಉಷ್ಣತೆ, ಎಸ್ ಅಂದರೆ ಎಂಟ್ರೋಪಿ. ಉತ್ತರ ಮೈನಸ್ ಬಂದರೆ ಆ ಒತ್ತಡ, ಆ ಉಷ್ಣತೆಯಲ್ಲಿ ಅದು ತಾನಾಗಿ ನಡೆಯಬಲ್ಲದು. ಯೂರಿಯಾ ಕರಗುವಾಗ ಗೆಲ್ಲುವುದು ಎಂಟ್ರೋಪಿ ಕಡೆಯ ಎಳೆತ.

ಒಂದು ವರ್ಷ ಬಾಗಲಕೋಟೆ ಕಡೆಯಿಂದ ಬಂದ ಹುಡುಗಿ ಇದ್ದಳು. ಅವಳ ಅಜ್ಜ ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡಿದವರು. ಸುಣ್ಣದಕಲ್ಲನ್ನು ಸುಡಲು ಎಷ್ಟು ಉಷ್ಣತೆ ಬೇಕು, ನೀನೇ ಲೆಕ್ಕ ಹಾಕು ಅಂದೆ. ಡೆಲ್ಟಾ ಎಚ್ 178 ಕಿಲೋಜೂಲ್, ಡೆಲ್ಟಾ ಎಸ್ ಸುಮಾರು 160 ಜೂಲ್ ಪರ್ ಕೆಲ್ವಿನ್. ಎರಡು ಎಳೆತವೂ ಸಮ ಆಗುವ ಉಷ್ಣತೆ ಸಿಗಲಿ ಅಂತ 178ನ್ನು 160ರಿಂದ ಭಾಗಿಸಿ 1.1 ಕೆಲ್ವಿನ್ ಅಂತ ಬರೆದಳು. "ಇಷ್ಟು ತಣ್ಣಗೆ ಯಾವ ಭಟ್ಟಿ ಇರುತ್ತೆ?" ಅಂದೆ. ತಾನೇ ಹುಡುಕಿದಳು: ಒಂದು ಕಿಲೋಜೂಲ್, ಇನ್ನೊಂದು ಜೂಲ್. ಸರಿ ಮಾಡಿದರೆ 1110 ಕೆಲ್ವಿನ್, ಅಂದರೆ 840 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕಲ್ಲಿನ ಒಳಗಿನ ತನಕ ಬೇಗ ಸುಡಬೇಕು ಅಂತ ಭಟ್ಟಿಯಲ್ಲಿ 900 ದಾಟಿಸುತ್ತಾರೆ. ಮನೆಗೆ ಫೋನ್ ಮಾಡಿ ಅಜ್ಜನಿಗೆ ಹೇಳಿದಳಂತೆ. ಕಲ್ಲು ಕೆಂಪಗೆ ಕಾದು ಹೊಳೆಯುವ ತನಕ ಉರಿ ಇಳಿಸಬಾರದು ಅಂತ ಅಜ್ಜ ಹೇಳಿದರಂತೆ. ಆ ಬಣ್ಣ ಬರುವುದೂ ಹೆಚ್ಚುಕಡಿಮೆ ಆ ಉಷ್ಣತೆಯಲ್ಲೇ.

"ತಾನಾಗಿ" ಅನ್ನುವುದನ್ನು "ಬೇಗ" ಅಂತ ಓದಬೇಡಿ. ಅಡುಗೆ ಗ್ಯಾಸ್ ಗಾಳಿಯ ಜೊತೆ ಸೇರಿ ಉರಿಯುವುದರ ಡೆಲ್ಟಾ ಜಿ ಭಾರೀ ಮೈನಸ್, ಆದರೂ ಕಿಡಿ ತಾಗುವ ತನಕ ಎರಡೂ ಸುಮ್ನೆ ಇರುತ್ತವೆ. 25 ಡಿಗ್ರಿಯಲ್ಲಿ ವಜ್ರ ಗ್ರಾಫೈಟ್ ಆಗುವುದಕ್ಕೂ ಮೈನಸ್ 2.9 ಕಿಲೋಜೂಲ್ ಇದೆ, ಯಾರ ಉಂಗುರವೂ ಪೆನ್ಸಿಲ್ ಸೀಸ ಆಗಿಲ್ಲ. ಎಷ್ಟು ಬೇಗ ಅನ್ನುವುದನ್ನು ಸೆಕೆಂಡ್ ಪಿಯುಸಿಯ ಕೈನೆಟಿಕ್ಸ್ ಪಾಠ ಹೇಳುತ್ತದೆ.

ಈ ವರ್ಷವೂ ಮೊದಲ ದಿನ ಯೂರಿಯಾ ತಂದಿದ್ದೆ. ಗೊಬ್ಬರದಂಗಡಿಯ ಚೀಲದ್ದೇ, ಬೇವಿನ ಎಣ್ಣೆ ಲೇಪ ಇರುವುದರಿಂದ ನೀರು ಸ್ವಲ್ಪ ಮಬ್ಬಾಗುತ್ತದೆ, ತೊಂದರೆ ಇಲ್ಲ. ಸ್ಟೀಲ್ ಲೋಟದಲ್ಲಿ 100 ಎಂಎಲ್ ನೀರಿಗೆ 20 ಗ್ರಾಂ ಹಾಕಿ ಕದಡಿದೆವು. 28 ಇದ್ದದ್ದು 19ಕ್ಕೆ ಇಳಿಯಿತು. ಲೋಟ ಬೆಂಚಿನಿಂದ ಬೆಂಚಿಗೆ ಹೋಯಿತು, ಎಲ್ಲರೂ ಮುಟ್ಟಿ ನೋಡಿದರು, ಹೊರಗೆ ಸಣ್ಣಗೆ ನೀರಿನ ಹನಿ ಕಟ್ಟಿತ್ತು. ಆಮೇಲೆ ಥರ್ಮಾಮೀಟರ್ ಸಮೇತ ಮೇಜಿನ ಮೇಲಿಟ್ಟು ಪಾಠ ಮುಂದುವರಿಸಿದೆ. ಮುಂದಿನ ಬೆಂಚಿನ ಹುಡುಗಿಗೆ ಐದೈದು ನಿಮಿಷಕ್ಕೆ ನೋಡಿ ಬರೆದುಕೊಳ್ಳಲು ಹೇಳಿದ್ದೆ. 20, 22, 23, ನಿಧಾನಕ್ಕೆ ಏರುತ್ತಾ ಬಂತು. ಬೆಲ್ ಹೊಡೆದಾಗ ಎಲ್ಲರೂ ಎದ್ದರು, ಅವಳು ಮಾತ್ರ ಲೋಟ ಬಿಟ್ಟು ಕದಲಲಿಲ್ಲ.

"ಮೇಡಂ, ಇನ್ನೂ ಎರಡು ಡಿಗ್ರಿ ಬಾಕಿ ಇದೆ."